ಪಿಕಪ್ ಗಾಡಿಯ ಉಸಿರು: ಏರ್ ಫಿಲ್ಟರ್ ಬದಲಿಸುವ ಮುನ್ನ ತಿಳಿದಿರಬೇಕಾದದ್ದು



ತೋಟಕ್ಕೆ ಗೊಬ್ಬರ ಎಷ್ಟು, ಔಷಧಿ ಯಾವಾಗ, ನೀರು ಎಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕ ನಮಗೆಲ್ಲ ನಾಲಗೆಯ ತುದಿಯಲ್ಲೇ ಇರುತ್ತದೆ. ಬೆಳೆದ ಸರಕನ್ನು ಮಂಡಿಗೆ ಮುಟ್ಟಿಸುವ ಗಾಡಿಯ ವಿಷಯಕ್ಕೆ ಬಂದರೆ ಡೀಸೆಲ್ ಮತ್ತು ಟೈರಿನ ಆಚೆ ನಮ್ಮ ಲೆಕ್ಕ ಹೋಗುವುದಿಲ್ಲ. ಗಾಡಿ ಡೀಸೆಲ್ಲಿಗಿಂತ ಹೆಚ್ಚಾಗಿ ಗಾಳಿಯನ್ನೇ ತಿನ್ನುತ್ತದೆ ಎಂಬುದನ್ನು ನಾವು ಮದ್ದೂರು ಸೀಮೆಯ ನಾಲ್ಕು ಮನೆಯವರು ಕೈಸುಟ್ಟುಕೊಂಡು ಕಲಿತೆವು. ಆ ಪಾಠವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಕಥೆ

ನಾವು ನಾಲ್ಕು ಮನೆಯವರು ಪಾಲು ಹಾಕಿ ಸಾಲದ ಮೇಲೆ ಒಂದು ಟರ್ಬೋ ಡೀಸೆಲ್ ಪಿಕಪ್ ಕೊಂಡಿದ್ದೇವೆ. ಎಳನೀರು ಮದ್ದೂರಿನ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಹೋಗುತ್ತದೆ. ಅಡಿಕೆ ಹುಲಿಯೂರುದುರ್ಗ, ಕುಣಿಗಲ್ ಮೇಲೆ ತುಮಕೂರಿಗೆ ಹೋಗುತ್ತದೆ. ವರ್ಷಕ್ಕೆ ಒಂದೆರಡು ಸಲ ಅಡಿಕೆ ಮರಕ್ಕೆ ಹಬ್ಬಿಸಲು ಮೆಣಸಿನ ಬಳ್ಳಿ ತರಲು ಸಕಲೇಶಪುರದ ಕಡೆಗೂ ಹೋಗುತ್ತದೆ. ಡಾಂಬರು ರಸ್ತೆ ಸೇರುವ ತನಕ ಗಾಡಿ ಓಡುವುದು ನಾಲೆ ಏರಿಯ ಮೇಲೆ. ಕೊಪ್ಪ, ಕೆ.ಎಂ.ದೊಡ್ಡಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊರಡುವ ಕಾಲದಲ್ಲಿ ಮುಂದಿನ ಟ್ರಾಕ್ಟರ್ ಎಬ್ಬಿಸಿದ ಧೂಳನ್ನೆಲ್ಲ ಹಿಂದಿನ ಗಾಡಿ ನುಂಗಬೇಕು. ದಾರಿಯಲ್ಲಿ ಆಲೆಮನೆ ಸಿಕ್ಕಿದರೆ ಹೊಗೆ, ಮಸಿ ಬೇರೆ.

ಮೂರು ವರ್ಷದ ನಂತರ ಗಾಡಿ ಏರು ಹತ್ತಲು ಹಿಂದೆ ಮುಂದೆ ನೋಡತೊಡಗಿತು. ಕಪ್ಪು ಹೊಗೆ ಬಂತು, ಡೀಸೆಲ್ ಹೆಚ್ಚು ಕುಡಿಯಿತು. ನಮ್ಮಲ್ಲೊಬ್ಬರ ಮಗ ಪಟ್ಟಣದ ಅಂಗಡಿಯೊಂದರಿಂದ ತೊಳೆದು ಎಣ್ಣೆ ಸವರಿ ಮತ್ತೆ ಮತ್ತೆ ಬಳಸಬಹುದಾದ ಹತ್ತಿಬಟ್ಟೆಯ ಫಿಲ್ಟರ್ ತಂದು ಹಾಕಿಸಿದ. "ಗಾಳಿ ಸರಾಗ ಹೋಗುತ್ತೆ, ಪವರ್ ಜಾಸ್ತಿ, ಜೀವಮಾನವೆಲ್ಲ ಬದಲಿಸೋ ಹಾಗಿಲ್ಲ ದೊಡ್ಡಪ್ಪ" ಅಂದ. ಮೊದಲ ವಾರ ಗಾಡಿ ಕುದುರೆಯ ಹಾಗೆ ಓಡಿತು. ಟರ್ಬೋ ಸಿಳ್ಳೆ ಜೋರಾಗಿ ಕೇಳಿತು. ನಮಗೆಲ್ಲ ಸಂತೋಷ.

ಎಂಟು ತಿಂಗಳು ಕಳೆದ ಮೇಲೆ ಎಂಜಿನ್ ಆಯಿಲ್ ಇಳಿಯತೊಡಗಿತು. ನೀಲಿ ಹೊಗೆ ಬಂತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹೊಗೆ. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಪಿಸ್ಟನ್ ರಿಂಗ್, ಲೈನರ್ ಎಲ್ಲ ಸವೆದಿದ್ದವು. ಟರ್ಬೋದ ಗಾಳಿ ಚಕ್ರದ ರೆಕ್ಕೆಗಳ ಅಂಚು ಇಲಿ ಕಡಿದಂತಿತ್ತು. ಅಡಿಕೆ ಕೊಯ್ಲಿನ ನಡುವೆ ಗಾಡಿ ಮೂರು ವಾರ ನಿಂತಿತು. ಎಳನೀರು ಕಾಯುವ ಸರಕಲ್ಲ, ಬಾಡಿಗೆ ಗಾಡಿ ಹಿಡಿದೆವು. ರಿಪೇರಿಯ ಖರ್ಚಿನಲ್ಲಿ ಒಂದು ಮನೆಯ ಆ ವರ್ಷದ ಅಡಿಕೆ ಹಣ ಪೂರ್ತಿ ಹೋಯಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಯಾರ ತಪ್ಪು ಎಂದು ನಾಲ್ಕು ಮನೆಗಳ ನಡುವೆ ಮಾತು ಬೆಳೆದು ಪಾಲು ಮುರಿಯುವವರೆಗೂ ಬಂದಿತ್ತು.

ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ?

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಪಿಕಪ್ಪಿನಂಥ 2.5 ಲೀಟರ್ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೆ ಒಮ್ಮೆ ಅದು ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. ಅಂದರೆ ನಿಮಿಷಕ್ಕೆ 2,500 ಲೀಟರ್, ಗಂಟೆಗೆ 1,50,000 ಲೀಟರ್. ಟರ್ಬೋ ಇರುವುದರಿಂದ ಲೋಡಿನಲ್ಲಿ ಏರು ಹತ್ತುವಾಗ ಇದಕ್ಕಿಂತಲೂ ಹೆಚ್ಚು.

ಇನ್ನೊಂದು ರೀತಿಯಲ್ಲಿ ನೋಡೋಣ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಒಂದು ಲೀಟರ್ ಡೀಸೆಲ್ಲಿಗೆ ಲೆಕ್ಕ ಹಾಕಿದರೆ ಸುಮಾರು 11,000 ಲೀಟರ್ ಗಾಳಿ ಆಯಿತು. ಡೀಸೆಲ್ ಎಂಜಿನ್ ಯಾವಾಗಲೂ ಇದಕ್ಕಿಂತ ಹೆಚ್ಚನ್ನೇ ಎಳೆಯುತ್ತದೆ. ಇಷ್ಟು ಗಾಳಿಯ ಜೊತೆ ನಾಲೆ ಏರಿಯ ಧೂಳು ಎಷ್ಟು ಬರಬಹುದೆಂದು ಓದುಗರೇ ಊಹಿಸಿಕೊಳ್ಳಬಹುದು.

ಧೂಳು ಮಾಡುವ ಕೆಲಸ

ನಮ್ಮ ಮಣ್ಣಿನ ಧೂಳಿನಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ ಇರುತ್ತದೆ. ಅದು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಕಣ್ಣಿಗೆ ಕಾಣುವ ದಪ್ಪ ಮರಳಿಗಿಂತ ಕಾಣದ ಸಣ್ಣ ಕಣವೇ ಹೆಚ್ಚು ಅಪಾಯಕಾರಿ. ರಿಂಗ್ ಮತ್ತು ಲೈನರ್ ನಡುವೆ ಇರುವ ಆಯಿಲ್ ಪದರ ಕೆಲವೇ ಮೈಕ್ರಾನ್ ದಪ್ಪ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಇದು ಎಷ್ಟು ತೆಳುವೆಂದು ತಿಳಿಯುತ್ತದೆ. ಆ ಪದರದಷ್ಟೇ ಗಾತ್ರದ ಅಥವಾ ಅದಕ್ಕಿಂತ ತುಸು ದೊಡ್ಡದಾದ ಕಣ ಅಲ್ಲಿ ಸೇರಿಕೊಂಡು ಸಾಣೆಯಂತೆ ಉಜ್ಜುತ್ತದೆ. ಟರ್ಬೋ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಆ ವೇಗದಲ್ಲಿ ಅಲ್ಯೂಮಿನಿಯಂ ರೆಕ್ಕೆಗೆ ಧೂಳು ಬಡಿದರೆ ಅಂಚು ಉಳಿಯುವುದಿಲ್ಲ.

ಈ ಪಾಠ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಟ್ರಾಕ್ಟರ್ ಮಾರುತ್ತಿದ್ದ ಫ್ರಾಂಕ್ ಡೊನಾಲ್ಡ್‌ಸನ್ ಎಂಬವರು ರೈತರೊಬ್ಬರ ಟ್ರಾಕ್ಟರ್ ಧೂಳಿನಿಂದ ಕೆಟ್ಟದ್ದನ್ನು ಕಂಡು 1915ರಲ್ಲಿ ಗಾಳಿ ಸೋಸುವ ಸಾಧನವನ್ನು ಮಾಡಿದರು. ಅವರು ಕಟ್ಟಿದ ಕಂಪನಿ ಇಂದಿಗೂ ಫಿಲ್ಟರ್ ತಯಾರಿಸುತ್ತಿದೆ.

ಮೂರು ಬಗೆಯ ಫಿಲ್ಟರ್

ಒಂದು, ಎಣ್ಣೆ ತೊಟ್ಟಿಯದು. ಹಳೆಯ ಜೀಪು, ಟ್ರಾಕ್ಟರ್ ಇಟ್ಟವರಿಗೆ ಇದು ಪರಿಚಿತ. ಗಾಳಿ ಬಟ್ಟಲಿನ ಎಣ್ಣೆಯ ಮೇಲೆ ಹಾದು ಧೂಳನ್ನು ಬಿಟ್ಟು ಮೇಲೇರುತ್ತದೆ. ತೊಳೆದು ಬಳಸಬಹುದು. ಆದರೆ ಎಂಜಿನ್ ನಿಧಾನವಾಗಿ ಓಡುವಾಗ ಗಾಳಿಯ ರಭಸ ಸಾಲದೆ ಸೋಸುವ ಶಕ್ತಿ ಕುಗ್ಗುತ್ತದೆ. ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿದರೆ ಎಂಜಿನ್ ಎಣ್ಣೆಯನ್ನೇ ಎಳೆದುಕೊಳ್ಳುವ ಅಪಾಯವೂ ಉಂಟು.

ಎರಡು, ಒಣ ಕಾಗದದ್ದು. ಈಗಿನ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಸಣ್ಣ ಧೂಳು ಹಿಡಿಯುವುದರಲ್ಲಿ ಒಳ್ಳೆಯ ಕಾಗದಕ್ಕೆ ಸಮನಾದದ್ದು ಕಡಿಮೆ.

ಮೂರು, ಎಣ್ಣೆ ಸವರಿದ ಹತ್ತಿಬಟ್ಟೆಯದು. ಗಾಳಿ ಸರಾಗ ಹೋಗುತ್ತದೆ ನಿಜ. ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ ಆ ಎಣ್ಣೆ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂತು ತಪ್ಪು ಲೆಕ್ಕ ಕೊಡಿಸುತ್ತದೆ. ಹದ ತಪ್ಪದೆ ನಿಭಾಯಿಸುವವರಿಗೆ ಮಾತ್ರ ಇದು ಸರಿ.

ಸರಾಗವಾದ ಗಾಳಿಯಿಂದ ಪವರ್ ಹೆಚ್ಚುತ್ತದೆಯೆ?

ಎಲ್ಲರೂ ಎಡವುವುದು ಇಲ್ಲೇ. ಡೀಸೆಲ್ ಎಂಜಿನ್ನಿನ ಬಲ ನಿರ್ಧಾರವಾಗುವುದು ಎಷ್ಟು ಡೀಸೆಲ್ ಒಳಗೆ ಹೋಗುತ್ತದೆ ಎಂಬುದರಿಂದ. ಗಾಳಿ ಮೊದಲೇ ಬೇಕಾದ್ದಕ್ಕಿಂತ ಹೆಚ್ಚಿರುತ್ತದೆ. ಡೀಸೆಲ್ಲಿನ ಪ್ರಮಾಣ ಹಾಗೇ ಇದ್ದು ಗಾಳಿ ಸ್ವಲ್ಪ ಹೆಚ್ಚಾದರೆ ಕೈಗೆ ತಿಳಿಯುವಷ್ಟು ಲಾಭವಿಲ್ಲ. ಫಿಲ್ಟರ್ ಕಟ್ಟಿಕೊಂಡಿದ್ದರೆ ಮಾತ್ರ ಬಲ ಕುಗ್ಗಿ ಕಪ್ಪು ಹೊಗೆ ಬರುತ್ತದೆ. ನಮ್ಮ ಗಾಡಿಗೆ ಆಗಿದ್ದದ್ದು ಅದೇ. ಅಂದು ಒಂದು ಹೊಸ ಕಾಗದದ ಫಿಲ್ಟರ್ ಹಾಕಿದ್ದರೂ ಗಾಡಿ ಅಷ್ಟೇ ಚೆನ್ನಾಗಿ ಓಡುತ್ತಿತ್ತು. ಹೊಸದರ ಗುಣವನ್ನು ನಾವು ಹತ್ತಿಬಟ್ಟೆಯ ಗುಣವೆಂದು ತಿಳಿದೆವು.

ಸೋಸುವ ಶಕ್ತಿಯ ಸಣ್ಣ ವ್ಯತ್ಯಾಸವೂ ಸಣ್ಣದಲ್ಲ. ನೂರಕ್ಕೆ 99.9 ಪಾಲು ಹಿಡಿಯುವ ಫಿಲ್ಟರಿಗೆ ಒಂದು ಕಿಲೋ ಧೂಳು ಬಂದರೆ ಒಳಗೆ ಹೋಗುವುದು 1 ಗ್ರಾಂ. 99 ಪಾಲು ಹಿಡಿಯುವುದಾದರೆ 10 ಗ್ರಾಂ. ಕೇಳಲು ಎರಡೂ ಒಂದೇ ಎನಿಸುತ್ತದೆ. ಎಂಜಿನ್ನಿಗೆ ಹತ್ತು ಪಟ್ಟು ಧೂಳು.

ಆದರೂ ಫಿಲ್ಟರಿನ ಮೇಲೆಯೇ ತಪ್ಪು ಹೊರಿಸುವುದು ನ್ಯಾಯವಲ್ಲ. ನಮ್ಮದನ್ನು ಬಿಚ್ಚಿದಾಗ ಅದರ ರಬ್ಬರ್ ಅಂಚು ಪೆಟ್ಟಿಗೆಯಲ್ಲಿ ಒಂದು ಮೂಲೆ ಕೂತೇ ಇರಲಿಲ್ಲ. ಎಂಟು ತಿಂಗಳಲ್ಲಿ ನಾವು ಯಾರೂ ಒಮ್ಮೆಯೂ ತೆಗೆದು ನೋಡಿರಲಿಲ್ಲ, ಎಣ್ಣೆ ಸವರಿರಲಿಲ್ಲ. ನಾಲ್ವರ ಗಾಡಿ ಯಾರ ಗಾಡಿಯೂ ಅಲ್ಲ ಎಂಬಂತಾಗಿತ್ತು.

ಹಾಗಾದರೆ ನಿಜವಾದ ಸುಧಾರಣೆ ಯಾವುದು?

1. ಮೊದಲು ಸೋರಿಕೆ ನೋಡಿ. ಫಿಲ್ಟರಿನಿಂದ ಟರ್ಬೋಗೆ ಹೋಗುವ ಹೋಸ್ ಪೈಪನ್ನು ಬಿಚ್ಚಿ ಒಳಗೆ ಶುಭ್ರವಾದ ಬೆರಳಾಡಿಸಿ. ಧೂಳು ಹತ್ತಿದರೆ ಎಲ್ಲೋ ಸಂದು ಇದೆ ಎಂದೇ ಅರ್ಥ. ಬಿರುಕು ಬಿಟ್ಟ ಹೋಸನ್ನೂ ಸಡಿಲವಾದ ಕ್ಲಿಪ್ಪನ್ನೂ ಬದಲಿಸಿ. ಎಷ್ಟೇ ಬೆಲೆಯ ಫಿಲ್ಟರ್ ಹಾಕಿದರೂ ಸಂದಿನಿಂದ ಬರುವ ಧೂಳನ್ನು ಅದು ತಡೆಯಲಾರದು.

2. ಸುಳಿಗಾಳಿಯ ಪ್ರೀ ಕ್ಲೀನರ್. ಇದು ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಅಂಚಿಗೆ ಎಸೆಯುತ್ತದೆ. ಫಿಲ್ಟರಿನ ಹೊರೆ ಇಳಿದು ಬಾಳಿಕೆ ಹೆಚ್ಚುತ್ತದೆ. ಎಂಜಿನ್ನಿನ ಗಾಳಿಯ ಅಳತೆಗೆ ಹೊಂದುವುದನ್ನೇ ಹಾಕಿಸತಕ್ಕದ್ದು. ಚಿಕ್ಕದಾದರೆ ಉಸಿರು ಕಟ್ಟುತ್ತದೆ.

3. ಗಾಳಿ ಎಳೆಯುವ ಬಾಯಿಯನ್ನು ಎತ್ತರಿಸುವುದು. ಚಕ್ರದ ಮಟ್ಟಕ್ಕಿಂತ ಮೇಲೆ ಧೂಳು ವಿರಳ. ಮಲೆನಾಡಿನವರಿಗೆ ಹಳ್ಳದ ನೀರಿನಿಂದಲೂ ರಕ್ಷಣೆ. ಮೂಲ ಪೈಪಿಗಿಂತ ಸಣ್ಣ ಪೈಪು ಹಾಕಬಾರದು. ಎಂಜಿನ್ನಿನ ಬಿಸಿಗಾಳಿ ಎಳೆಯುವಂತೆಯೂ ಇಡಬಾರದು, ಬಿಸಿಗಾಳಿ ತೆಳು.

4. ಒಳಫಿಲ್ಟರ್. ಎರಡು ಫಿಲ್ಟರಿಗೆ ಜಾಗವಿರುವ ಪೆಟ್ಟಿಗೆಯಾದರೆ ಒಳಗಿನದನ್ನು ತಪ್ಪದೆ ಹಾಕಿಸಿ. ಹೊರಗಿನದು ಹರಿದರೂ ಅದು ಕಾಯುತ್ತದೆ. ಅದನ್ನು ಶುಚಿ ಮಾಡಬಾರದು, ಅವಧಿಗೆ ಬದಲಿಸಬೇಕು.

5. ಕಟ್ಟಿಕೊಂಡದ್ದನ್ನು ತೋರಿಸುವ ಸೂಚಕ. ಫಿಲ್ಟರ್ ನಂತರದ ಪೈಪಿಗೆ ಹಾಕುವ ಸಣ್ಣ ಸಾಧನವಿದು. ಎಳೆತ ಮಿತಿ ಮೀರಿದರೆ ಕೆಂಪು ಪಟ್ಟಿ ತೋರಿಸುತ್ತದೆ. ಡೀಸೆಲ್ ಎಂಜಿನ್ನುಗಳಿಗೆ ಈ ಮಿತಿ ಸಾಮಾನ್ಯವಾಗಿ ನೀರಿನ ಮಟ್ಟದ ಲೆಕ್ಕದಲ್ಲಿ 25 ಅಂಗುಲ, ಅಂದರೆ ಸುಮಾರು 635 ಮಿಲಿಮೀಟರ್. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು.

ಶುಚಿ ಮಾಡುವಾಗ ಎಚ್ಚರ

ಫಿಲ್ಟರನ್ನು ದಿನವೂ ತೆಗೆದು ಕೊಡವುವುದು ಒಳ್ಳೆಯದೆಂದು ಹಲವರ ನಂಬಿಕೆ. ಅದು ತಪ್ಪು. ಕಾಫಿ ಫಿಲ್ಟರಿನಲ್ಲಿ ಪುಡಿ ಕೂತ ಮೇಲೆ ಪುಡಿಯ ಪದರವೇ ಹೇಗೆ ಸೋಸುತ್ತದೆಯೋ ಹಾಗೆ, ಕಾಗದದ ಮೇಲೆ ಕೂತ ತೆಳು ಧೂಳಿನ ಪದರವೂ ಸೋಸಲು ನೆರವಾಗುತ್ತದೆ. ಪ್ರತಿ ಸಲ ತೆಗೆದು ಹಾಕುವಾಗಲೂ ಅಂಚು ಸವೆಯುವ, ಧೂಳು ಒಳಗೆ ಬೀಳುವ ಭಯವಿದೆ.

ಶುಚಿ ಮಾಡಲೇಬೇಕಾದರೆ ಕಡಿಮೆ ಒತ್ತಡದ ಗಾಳಿಯನ್ನು, 30 ಪೌಂಡು ಮೀರದಂತೆ, ಒಳಗಿನಿಂದ ಹೊರಕ್ಕೆ ದೂರದಿಂದ ಬಿಡಿ. ಟೈರಿಗೆ ಬಿಡುವ ರಭಸದಲ್ಲಿ ಬಿಟ್ಟರೆ ಕಾಗದ ತೂತಾಗುತ್ತದೆ. ಕಲ್ಲಿಗೆ ಬಡಿಯಬೇಡಿ, ಕಾಗದವನ್ನು ನೀರಿನಲ್ಲಿ ತೊಳೆಯಬೇಡಿ. ನಂತರ ಕತ್ತಲಲ್ಲಿ ಒಳಗೆ ಟಾರ್ಚ್ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಎಸೆಯತಕ್ಕದ್ದು. ಆಲೆಮನೆಯ ಮಸಿ ಹತ್ತಿದ ಫಿಲ್ಟರ್ ಗಾಳಿ ಬಿಟ್ಟರೆ ಶುಚಿಯಾಗದು, ಬದಲಿಸುವುದೇ ದಾರಿ. ಅಡಿಕೆ ಸುಲಿಯುವ ಯಂತ್ರದ ಪಕ್ಕದಲ್ಲಿ ಗಾಡಿಯನ್ನು ಚಾಲೂ ಇಟ್ಟು ನಿಲ್ಲಿಸಬೇಡಿ, ನಾರು ಬೇಗ ಕಟ್ಟಿಕೊಳ್ಳುತ್ತದೆ. ಪೆಟ್ಟಿಗೆಯ ತಳದಲ್ಲಿ ರಬ್ಬರ್ ಬಾಯಿ ಇದ್ದರೆ ವಾರಕ್ಕೊಮ್ಮೆ ಹಿಚುಕಿ ಧೂಳು ಉದುರಿಸಿ.

ಗಾಡಿ 2020ರ ಏಪ್ರಿಲ್ 1ರ ನಂತರ ಬಂದ ಬಿ.ಎಸ್. 6 ಮಾದರಿಯದಾದರೆ, ವಾರಂಟಿ ಮುಗಿಯುವ ಮುನ್ನ ಗಾಳಿ ಪೆಟ್ಟಿಗೆಗೆ ಕೈ ಹಾಕುವ ಮೊದಲು ಷರತ್ತುಗಳನ್ನು ಓದಿಸಿಕೊಳ್ಳಿ. ಎಂಜಿನ್ ಕೆಟ್ಟಾಗ ಬೇರೆ ಸಾಮಾನು ಹಾಕಿದ್ದೀರಿ ಎಂಬ ಮಾತು ಕೇಳಬೇಕಾದೀತು.

ಈಗ ನಮ್ಮ ಗಾಡಿ

ಎಂಜಿನ್ ಕಟ್ಟಿಸಿದ ಮೇಲೆ ಕಂಪನಿಯ ಕಾಗದದ ಫಿಲ್ಟರನ್ನೇ ಹಾಕಿ, ಹೊಸ ಹೋಸ್, ಪ್ರೀ ಕ್ಲೀನರ್, ಸೂಚಕ ಹಾಕಿಸಿದೆವು. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾರ ಪಾಲಿನ ದಿನವೋ ಅವರು ಕಿಲೋಮೀಟರ್, ಆಯಿಲ್ ಮಟ್ಟ, ಸೂಚಕದ ಬಣ್ಣ ಬರೆದು ಸಹಿ ಹಾಕುತ್ತಾರೆ. ಬರೆಯುವ ಕೆಲಸದ ಮೇಲ್ವಿಚಾರಣೆ ಅಂದು ಫಿಲ್ಟರ್ ತಂದ ಹುಡುಗನದೇ. ಅವನನ್ನು ಬೈಯುವುದನ್ನು ನಿಲ್ಲಿಸಿದ ದಿನವೇ ನಾಲ್ಕು ಮನೆಗಳ ಮಾತೂ ಸರಿಹೋಯಿತು. ಅವನು ಗಾಡಿಯ ಮೇಲೆ ಮುತುವರ್ಜಿಯಿಂದ ಮಾಡಿದ್ದ, ನಾವು ಮುತುವರ್ಜಿ ಇಲ್ಲದೆ ಓಡಿಸಿದ್ದೆವು.

ನೆನಪಿನಲ್ಲಿಡಬೇಕಾದ ಅಂಶಗಳು

ಬಲ ಕುಗ್ಗಿದರೆ ಮೊದಲು ಹಳೆಯ ಫಿಲ್ಟರ್ ನೋಡಿ, ಆಮೇಲೆ ಬೇರೆ ಬಗೆಯ ಫಿಲ್ಟರಿನ ಯೋಚನೆ ಮಾಡಿ. ಸಂದು ಮುಚ್ಚುವುದು ಮೊದಲ ಸುಧಾರಣೆ. ಕೈಪಿಡಿಯ ಅವಧಿಯನ್ನು ಧೂಳಿನ ದಾರಿಯವರು ಕಡಿಮೆ ಮಾಡಿಕೊಳ್ಳಬೇಕು. ಫಿಲ್ಟರಿನಲ್ಲಿ ಉಳಿಸಿದ ಹಣಕ್ಕಿಂತ ಎಷ್ಟೋ ಪಟ್ಟು ಎಂಜಿನ್ನಿಗೆ ತೆರಬೇಕಾಗುತ್ತದೆ.

ಕೊಯ್ಲು ಶುರುವಾಗುವ ಮುನ್ನ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಗಾಡಿಯ ಬಾನೆಟ್ ಎತ್ತಿ, ಆ ಹೋಸಿನೊಳಗೆ ಒಮ್ಮೆ ಬೆರಳಾಡಿಸಿ ನೋಡಬೇಕೆಂದು ಬೆಳೆಗಾರ ಬಂಧುಗಳಲ್ಲಿ ನಮ್ಮ ಬಿನ್ನಹ.