ನಡುಮನೆಗೆ ಬರಲಿ ರೌಟರ್

ಪ್ರಶ್ನೆ: ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ಹಳೇ ಮಣ್ಣಿನ ಗೋಡೆಯ ಹೆಂಚಿನ ಮನೆ, ಹಿಂದುಗಡೆ ಎರಡು ತಾರಸಿ ಕೋಣೆ ಕಟ್ಟಿಸಿದ್ದೇವೆ. ಮಗಳು ಎರಡನೇ ಪಿಯುಸಿ. ಸಿಇಟಿಗೆ ಓದಲಿ ಅಂತ ಫೈಬರ್ ಇಂಟರ್‌ನೆಟ್ ಹಾಕಿಸಿದೆವು. ರೌಟರ್ ಹಜಾರದಲ್ಲಿ ಟಿವಿ ಹಿಂದೆ ಇದೆ. ಹಿಂದಿನ ಕೋಣೆಗೆ ವೈಫೈ ಬರುವುದೇ ಇಲ್ಲ. ಮಗಳು ಜಗಲಿಗೆ ಬಂದು ಕೂತು ಪಾಠ ನೋಡಬೇಕು. ಅಂಗಡಿಯವರು ಐದಾರು ಸಾವಿರದ ಮೆಶ್ ಡಬ್ಬ ಹಾಕಿಸಿ ಅನ್ನುತ್ತಾರೆ. ನಮ್ಮ ಯಜಮಾನರಿಗೆ ಹೊಗೆಸೊಪ್ಪಿನ ಬ್ಯಾರನ್ ಹತ್ತಿರಕ್ಕೂ ಸಿಗ್ನಲ್ ಬರಬೇಕು. ಅತ್ತೆ ರೇಡಿಯೇಷನ್ ಅಂತ ರಾತ್ರಿ ಸ್ವಿಚ್ ಆರಿಸಿಬಿಡುತ್ತಾರೆ. ಪಕ್ಕದಲ್ಲೇ ಇರುವ ಮೈದುನನ ಮಕ್ಕಳು ಪಾಸ್‌ವರ್ಡ್ ಕೇಳುತ್ತಾರೆ. ಕೊಟ್ಟರೆ ಮಗಳಿಗೆ ಸ್ಪೀಡ್ ಇಲ್ಲ, ಕೊಡದಿದ್ದರೆ ನಾನು ಕೆಟ್ಟವಳು. ಏನು ಮಾಡಲಿ?
— ಹೆಸರು ಬೇಡ, ಹಾರನಹಳ್ಳಿ

ಉತ್ತರ: ಅಮ್ಮಾ, ಅಂಗಡಿಯವರಿಗೆ ಸದ್ಯಕ್ಕೆ ಏನೂ ಹೇಳಬೇಡಿ. ನಿಮ್ಮ ಮನೆಯಲ್ಲಿ ತಪ್ಪಿರುವುದು ರೌಟರ್ ಅಲ್ಲ, ಅದು ಕೂತಿರುವ ಜಾಗ.

ಕನೆಕ್ಷನ್ ಕೊಡಲು ಬಂದ ಹುಡುಗ ಬೀದಿ ಕಂಬದಿಂದ ವೈರ್ ಎಳೆದು, ಬಾಗಿಲ ಹತ್ತಿರ ಮೊದಲು ಸಿಕ್ಕ ಪ್ಲಗ್ಗಿಗೆ ಡಬ್ಬ ಸಿಕ್ಕಿಸಿ ಹೋಗಿದ್ದಾನೆ. ಅವನಿಗೆ ಅದು ಸುಲಭ, ನಿಮಗಲ್ಲ. ವೈಫೈ ಎಂದರೆ ರೇಡಿಯೋ ತರಂಗ. ಪ್ರತಿ ಗೋಡೆ ದಾಟುವಾಗಲೂ ಅದರ ಬಲ ಕುಗ್ಗುತ್ತದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಅಂದರೆ ಕೇಳಬೇಕೇ! ಮಳೆಗಾಲದಲ್ಲಿ ಆ ಗೋಡೆ ನೀರು ಹೀರಿದಾಗ ಇನ್ನೂ ಕಷ್ಟ, ನೀರು ಈ ತರಂಗಗಳನ್ನು ನುಂಗುತ್ತದೆ. ತಾರಸಿ ಕೋಣೆಯ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳೂ ಟಿವಿ ಹಿಂಬದಿಯ ಲೋಹವೂ ಅದನ್ನು ಹಿಂದಕ್ಕೆ ತಳ್ಳುತ್ತವೆ. ಹಜಾರದಿಂದ ಹೊರಟದ್ದು ಮಗಳ ಕೋಣೆ ಮುಟ್ಟುವ ಹೊತ್ತಿಗೆ ಏನು ಉಳಿದೀತು?

ಆದ್ದರಿಂದ ಡಬ್ಬವನ್ನು ನಡುಮನೆಗೆ ತನ್ನಿ. ಹಳೇ ಮನೆಯಿಂದ ತಾರಸಿ ಕೋಣೆಗಳಿಗೆ ಹೋಗುವ ಬಾಗಿಲ ಪಕ್ಕದಲ್ಲಿ, ತಲೆಯೆತ್ತರಕ್ಕೆ ಒಂದು ಮರದ ಹಲಗೆ ಹೊಡೆಸಿ, ಅದರ ಮೇಲೆ ಬಯಲಾಗಿ ಇಡಿ. ಗೋಡೆಯ ಗೂಡಿನಲ್ಲಿ ಮಾತ್ರ ಬೇಡ. ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಮೂರು ಕಡೆಯೂ ಮಣ್ಣೇ. ಬೀರುವಿನ ಮೇಲೆ, ಫ್ರಿಜ್ ಪಕ್ಕ, ನೀರಿನ ಡ್ರಮ್ಮಿನ ಹಿಂದೆ ಕೂಡ ಬೇಡ. ಕಸೂತಿ ಬಟ್ಟೆ ಹೊದಿಸಿದರೆ ಸಿಗ್ನಲ್ಲಿಗೆ ತೊಂದರೆಯಿಲ್ಲ, ಡಬ್ಬಕ್ಕೆ ಸೆಕೆ.

ಫೈಬರ್ ವೈರನ್ನು ನೀವೇ ಎಳೆದಾಡಬೇಡಿ. ಒಳಗಿರುವುದು ಕೂದಲೆಳೆಯಂಥ ಗಾಜು. ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ, ಮೊಳೆ ತಾಗಿದರೆ ಮುರಿದೇ ಹೋಗುತ್ತದೆ. ಡಬ್ಬದ ಮೇಲೆ ‘ಎಲ್‌ಒಎಸ್’ ಎಂಬ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಕನೆಕ್ಷನ್ ಕೊಟ್ಟವರನ್ನೇ ಕರೆಸಿ, ಜಾಗ ಬದಲಿಸಿಕೊಡಿ ಎನ್ನಿ. ಹಜಾರದ ಮೂಲೆಯಲ್ಲಿ ಅವರು ಸುತ್ತಿಟ್ಟ ಹೆಚ್ಚುವರಿ ವೈರ್ ಇದ್ದರೆ ಅದೇ ಸಾಕಾದೀತು.

ಜಾಗ ಬದಲಾದ ಮೇಲೆ ಮಗಳ ಫೋನಿನಲ್ಲಿ ನೋಡಿ. ಈಗಿನ ಎಷ್ಟೋ ರೌಟರ್‌ಗಳು ಎರಡು ಬಗೆಯ ಸಿಗ್ನಲ್ ಕೊಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹೆಸರಿನ ಕೊನೆಗೆ 5ಜಿ ಎಂದು ಕಂಡರೆ ಅದು ಮೊಬೈಲಿನ 5ಜಿ ಅಲ್ಲ, ಈ ಎರಡನೆಯದು. ಇದು ವೇಗ, ಆದರೆ ಗೋಡೆ ಕಂಡರೆ ಸುಸ್ತು. 2.4 ನಿಧಾನ, ಗೋಡೆಯನ್ನು ಇದಕ್ಕಿಂತ ಚೆನ್ನಾಗಿ ದಾಟುತ್ತದೆ. ಹಿಂದಿನ ಕೋಣೆಯಲ್ಲಿ ಕಣ್ಣುಮುಚ್ಚಿ 2.4 ಹಿಡಿಯಲಿ. ಪಾಠದ ವಿಡಿಯೋಗೆ 5 ಎಂಬಿಪಿಎಸ್ ಧಾರಾಳ.

ಇಷ್ಟಾದರೂ ಕೋಣೆ ಮುಟ್ಟದಿದ್ದರೆ ಆಗ ಸ್ವಲ್ಪ ದುಡ್ಡು ಬಿಚ್ಚಿ, ಆದರೆ ಮೆಶ್‌ಗಲ್ಲ. ವೈರಿಲ್ಲದ ಮೆಶ್ ಆಗಲಿ ಎಕ್ಸ್‌ಟೆಂಡರ್ ಆಗಲಿ ಅದೇ ಮಣ್ಣಿನ ಗೋಡೆಯನ್ನೇ ದಾಟಬೇಕು. ಅಗ್ಗದ ಎಕ್ಸ್‌ಟೆಂಡರ್ ಒಂದೇ ಉಸಿರಿನಲ್ಲಿ ಕೇಳಿ, ಅದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬದಲಿಗೆ ಮನೆಯೊಳಗೇ ಒಂದು ಕ್ಯಾಟ್-6 ಲ್ಯಾನ್ ವೈರ್ ಎಳೆಸಿ ಮಗಳ ಕೋಣೆಯಲ್ಲಿ ಒಂದು ಸಾದಾ ರೌಟರ್ ಇಡಿ. ಈ ವೈರ್ 100 ಮೀಟರ್‌ವರೆಗೆ ಸರಾಗ. ನೆಂಟರ ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ರೌಟರ್ ಇದ್ದರೂ ನಡೆಯುತ್ತದೆ. ಅದರಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯಿದ್ದರೆ ಒತ್ತಿ. ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಡಿಎಚ್‌ಸಿಪಿ ಎಂಬುದನ್ನು ಆರಿಸಿ, ವೈರನ್ನು ಎರಡೂ ಕಡೆ ಲ್ಯಾನ್ ತೂತಿಗೇ ಸಿಕ್ಕಿಸಿ. ಮೊದಲ ರೌಟರ್ 192.168.1.1 ಆಗಿದ್ದರೆ ಈ ಲೆಕ್ಕ. ಬೇರೆ ಇದ್ದರೆ ಅದರ ಪಕ್ಕದ ಅಂಕಿ ಕೊಡಿ. ಮಗಳಿಗೆ ಹೇಳಿ, ಪಿಯುಸಿ ಓದುವ ಹುಡುಗಿಗೆ ಇದೇನು ದೊಡ್ಡದಲ್ಲ.

ಇನ್ನು ಮೈದುನನ ಮಕ್ಕಳು. ಸ್ಪೀಡ್ ಹೋಗುವುದು ಅವರು ಹೆಚ್ಚು ನೋಡುವುದರಿಂದಲೇ ಎಂದುಕೊಂಡಿದ್ದೀರಿ. ಅರ್ಧ ಮಾತ್ರ ನಿಜ. ಮೂರು ಗೋಡೆಯಾಚೆ ಇರುವವರಿಗೆ ಒಂದೇ ಮಾತನ್ನು ನಾಲ್ಕು ಸಲ ಕೂಗಿ ಹೇಳುವಂತೆ, ದೂರದ ಫೋನಿಗೆ ರೌಟರ್ ನಿಧಾನವಾಗಿ, ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಅಷ್ಟು ಹೊತ್ತೂ ಉಳಿದವರು ಕಾಯಬೇಕು. ನಡುಮನೆಗೆ ಬಂದ ಮೇಲೆ ಈ ಕಾಟವೂ ಇಳಿಯಬಹುದು.

ಆದರೂ ಮನೆಯ ಮುಖ್ಯ ಪಾಸ್‌ವರ್ಡ್ ಕೊಡಬೇಡಿ. ಬ್ರೌಸರಿನಲ್ಲಿ ರೌಟರಿನ ವಿಳಾಸ ಹೊಡೆದರೆ ಬಾಗಿಲು ತೆರೆಯುತ್ತದೆ. ಅಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇದ್ದರೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಟ್ಟು ಮಕ್ಕಳಿಗೆ ಅದನ್ನು ಕೊಡಿ. ಕೆಲವು ರೌಟರ್‌ಗಳಲ್ಲಿ ಅದಕ್ಕೆ ವೇಗದ ಮಿತಿಯನ್ನೂ ಹೊತ್ತನ್ನೂ ಗೊತ್ತುಮಾಡಬಹುದು. ಹಾಗೆಯೇ ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಡಬ್ಲ್ಯುಪಿಎಸ್ ಎಂಬ ಗುಂಡಿಯ ಸೌಲಭ್ಯ ಆರಿಸಿ. ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ. ಕಂಪನಿ ಕೊಟ್ಟದ್ದೇ ಉಳಿದರೆ ವೈಫೈ ಹಿಡಿದ ಯಾವ ಹುಡುಗನಾದರೂ ನಿಮ್ಮನ್ನೇ ಹೊರಗೆ ಹಾಕಬಲ್ಲ. ಆ ಪಾಸ್‌ವರ್ಡ್ ಯಜಮಾನರ ಹತ್ತಿರ ಅಲ್ಲ, ನಿಮ್ಮ ಹತ್ತಿರ ಇರಲಿ. ಬೈಸಿಕೊಳ್ಳುವವರು ನೀವಾದ ಮೇಲೆ ಬೀಗದ ಕೈಯೂ ನಿಮ್ಮದೇ ಆಗಬೇಕು.

ಇದು ಜಿಪುಣತನ ಅನ್ನುವವರಿಗೆ 2008ರ ಸಂಗತಿ ಹೇಳಿ. ಆ ವರ್ಷದ ಜುಲೈ 26ರ ಅಹಮದಾಬಾದ್ ಸ್ಫೋಟಗಳ ಹೊತ್ತಿನ ಬೆದರಿಕೆ ಇ-ಮೇಲ್ ಹೋದದ್ದು ನವಿ ಮುಂಬೈನ ಒಂದು ಮನೆಯ ಭದ್ರತೆಯಿಲ್ಲದ ವೈಫೈಯಿಂದ. ತನಿಖೆಯವರು ಮೊದಲು ಬಂದು ನಿಂತದ್ದು ಏನೂ ಅರಿಯದ ಆ ಮನೆಯವರ ಬಾಗಿಲಿಗೆ. ಮೈದುನನ ಮಕ್ಕಳು ಅಂಥವರಲ್ಲ, ಸರಿ. ಆದರೆ ಅವರಿಗೆ ಕೊಟ್ಟ ಪಾಸ್‌ವರ್ಡ್ ವಾರದೊಳಗೆ ಅವರ ಗೆಳೆಯರ ಬಳಿ ಇರುತ್ತದೆ. ಇದನ್ನು ಮಕ್ಕಳ ಹತ್ತಿರ ಅಲ್ಲ, ನಿಮ್ಮ ವಾರಗಿತ್ತಿಯ ಹತ್ತಿರ ಮಾತಾಡಿ. ಸಂಜೆ ಇಷ್ಟು ಹೊತ್ತು ನಮ್ಮ ಹುಡುಗಿ ಓದುತ್ತಾಳೆ, ಆಮೇಲೆ ನಿಮ್ಮ ಮಕ್ಕಳು ನೋಡಲಿ ಎಂದರೆ ಯಾವ ತಾಯಿಯೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅತ್ತೆಯವರ ಜೊತೆ ವಾದಕ್ಕಿಳಿಯಬೇಡಿ. ರೌಟರ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟ್ ಕೂಡ ಇರುವುದಿಲ್ಲ, ದೂರ ಹೋದಂತೆ ಬೇಗ ಇಳಿಯುತ್ತದೆ. ಇದು ಎಕ್ಸ್‌ರೇ ಜಾತಿಯ ಕಿರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು ‘ಇದ್ದರೂ ಇರಬಹುದು’ ಎಂಬ ಅನುಮಾನದ ಗುಂಪಿಗೆ ಹಾಕಿತು. ಅನುಮಾನವೇ ಇಲ್ಲದ ಮೊದಲನೇ ಗುಂಪಿನಲ್ಲಿ ಆ ವಿಭಾಗವೇ ಇಟ್ಟಿರುವುದು ತಂಬಾಕನ್ನು. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಈ ಮಾತು ಬಾಯಿಬಿಟ್ಟು ಹೇಳಬೇಕೋ ಬೇಡವೋ ನೀವೇ ನೋಡಿ! ಮಗಳ ಓದು ಮುಗಿದ ಮೇಲೆ ಅತ್ತೆ ಸ್ವಿಚ್ ಆರಿಸಿದರೆ ಏನೂ ನಷ್ಟವಿಲ್ಲ. ಆರಿಸಲಿ, ಮನೆಮಂದಿಯೆಲ್ಲ ನಿದ್ದೆ ಮಾಡಲಿ.

ಯಜಮಾನರ ಬೇಡಿಕೆಗೆ ಮಾತ್ರ ನನ್ನ ಉತ್ತರ, ಬೇಡ. ಸೊಪ್ಪು ಹದವಾಗುವ ಕೊನೆಯ ಹಂತದಲ್ಲಿ ಬ್ಯಾರನ್ ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಆ ಗೋಡೆಗೆ ಯಾವ ರೌಟರನ್ನೂ ತಗುಲಿಸುವ ಹಾಗಿಲ್ಲ. ಮನೆಯಿಂದ ಬಯಲಲ್ಲಿ ತಾಮ್ರದ ಲ್ಯಾನ್ ವೈರ್ ಎಳೆದರೆ ಸಿಡಿಲಿಗೆ ದಾರಿ ತೋರಿಸಿದಂತೆ, ಎರಡೂ ತುದಿಯ ಡಬ್ಬಗಳು ಸುಟ್ಟುಹೋಗುತ್ತವೆ. ಬ್ಯಾರನ್ ಕಾಯುವವರು ಕಣ್ಣಿಡಬೇಕಾದ್ದು ಬೆಂಕಿಯ ಮೇಲೆ, ರೀಲ್ಸ್ ಮೇಲಲ್ಲ. ನಾಲ್ಕು ಮಾತಿಗೆ ಮೊಬೈಲ್ ಡೇಟಾ ಸಾಕು.

ಒಂದು ವಿಷಯಕ್ಕೆ ದುಡ್ಡು ಹಾಕಿ ಎನ್ನುತ್ತೇನೆ, ಕರೆಂಟಿಗೆ. ರೌಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 12 ವೋಲ್ಟ್. ಅದಕ್ಕೆ ಹೊಂದುವುದನ್ನೇ ತನ್ನಿ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮುಂಗಾರಿಗೂ ಮೊದಲಿನ ಏಪ್ರಿಲ್–ಮೇ ಮಳೆಯಲ್ಲಿ ಸಿಡಿಲು ಜಾಸ್ತಿ, ಸಿಇಟಿಯೂ ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೇ ಬರುತ್ತದೆ. ಆ ವಾರಗಳಿಗೆ ಬೇಕಾದ ಪಾಠಗಳನ್ನು ಮಗಳು ಮೊದಲೇ ಫೋನಿಗೆ ಇಳಿಸಿಕೊಂಡಿರಲಿ.