ಫೋನಿನಲ್ಲಿ ವೈದ್ಯರು: ಸರಕಾರದ ಹೊಣೆಯೇನು, ನಮ್ಮ ಎಚ್ಚರವೇನು?

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ನಾವು ಬೋರ್ಡೋ ದ್ರಾವಣ ಬಿಡಿಸುತ್ತೇವೆ. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಎಂಬ ಲೆಕ್ಕ ತಪ್ಪಿದರೆ ಮದ್ದು ಬಿಟ್ಟೂ ಪ್ರಯೋಜನವಿಲ್ಲ. ಅಂಗಡಿಯಿಂದ ಕೀಟನಾಶಕ ತಂದರೆ ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ ಇರುತ್ತದೆ. ವಿಷ ಎಷ್ಟು ಕಠಿಣವೆಂದು ತೋರಿಸುವ ಬಣ್ಣದ ಗುರುತೂ ಇರುತ್ತದೆ. ಇವು ತಯಾರಕರ ಔದಾರ್ಯದಿಂದ ಬಂದವುಗಳಲ್ಲ. 1968ರ ಕೀಟನಾಶಕ ಕಾಯಿದೆಯಿಂದಾಗಿ ಬಂದವು. ಗಿಡಕ್ಕೆ ಬಿಡುವ ಮದ್ದಿಗೇ ಇಷ್ಟು ಕಟ್ಟುಪಾಡು ಇರುವಾಗ, ಫೋನಿನ ಮೂಲಕ ಮನುಷ್ಯನಿಗೆ ಹೇಳುವ ಮದ್ದಿಗೆ ಕಟ್ಟುಪಾಡು ಬೇಡವೇ?

ಈಗ ವೈದ್ಯರನ್ನು ಫೋನಿನಲ್ಲಿ ಕಾಣಬಹುದು. ಆಸ್ಪತ್ರೆಯ ಚೀಟಿ ಕಂಪ್ಯೂಟರಿಗೆ ಸೇರುತ್ತದೆ. ಇವೆಲ್ಲ ಸೇರಿ ಡಿಜಿಟಲ್ ಆರೋಗ್ಯ ಸೇವೆ ಎನಿಸಿಕೊಳ್ಳುತ್ತದೆ. ಬಸ್ಸಿಗೆ ಕಾದು, ಒಂದು ದಿನದ ಕೆಲಸ ಬಿಟ್ಟು ಪೇಟೆಗೆ ಹೋಗಬೇಕಾದ ಕೃಷಿಕರಿಗೆ ಇದು ದೊಡ್ಡ ಅನುಕೂಲ. ಆದರೆ ಕಣ್ಣಿಗೆ ಕಾಣದ ವೈದ್ಯರನ್ನು ನಂಬುವುದು ಹೇಗೆ? ನಮ್ಮ ಕಾಯಿಲೆಯ ವಿವರ ಯಾರ ಕೈ ಸೇರುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದುದು ಸರಕಾರ.

ಫೋನಿನ ವೈದ್ಯರಿಗೂ ನಿಯಮವಿದೆ

2020ರ ಮಾರ್ಚ್ 25ರಂದು ಕೇಂದ್ರ ಸರಕಾರ ದೂರವೈದ್ಯ ಸೇವೆಗೆ ಮಾರ್ಗಸೂಚಿ ಪ್ರಕಟಿಸಿತು. ಅದರ ಮುಖ್ಯ ಅಂಶಗಳನ್ನು ನಾವು ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಫೋನಿನಲ್ಲಿ ಚಿಕಿತ್ಸೆ ಹೇಳುವವರು ವೈದ್ಯ ಮಂಡಳಿಯಲ್ಲಿ ನೋಂದಾಯಿತ ವೈದ್ಯರೇ ಆಗಿರಬೇಕು. ಅವರ ನೋಂದಣಿ ಸಂಖ್ಯೆ ಮದ್ದಿನ ಚೀಟಿಯಲ್ಲೂ ಶುಲ್ಕದ ರಶೀದಿಯಲ್ಲೂ ಇರಬೇಕು. ಕೀಟನಾಶಕದ ಡಬ್ಬಿಯಲ್ಲಿ ನಾವು ಹುಡುಕುವ ಸಂಖ್ಯೆಯ ಹಾಗೆಯೇ ಇದು. ಯಂತ್ರವೇ ಯೋಚಿಸಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ವೈದ್ಯರಿಗೆ ನೆರವಾಗಬಹುದು. ತಾವಾಗಿಯೇ ರೋಗಿಗೆ ಮದ್ದು ಬರೆದುಕೊಡುವಂತಿಲ್ಲ.

ಎರಡನೆಯದಾಗಿ, ಎಲ್ಲ ಮದ್ದನ್ನೂ ಫೋನಿನಲ್ಲಿ ಬರೆಯುವಂತಿಲ್ಲ. ಜ್ವರದ ಪ್ಯಾರಾಸಿಟಮಾಲ್, ಭೇದಿಗೆ ಕೊಡುವ ಓಆರ್‌ಎಸ್ ಮೊದಲಾದ ಸಾಮಾನ್ಯ ಮದ್ದುಗಳಿಗೆ ತಡೆಯಿಲ್ಲ. ಕೆಲವು ಮದ್ದುಗಳನ್ನು ಮೊದಲ ಸಲ ಬರೆಯಬೇಕಾದರೆ ವೈದ್ಯರು ವೀಡಿಯೋದಲ್ಲಿ ರೋಗಿಯನ್ನು ನೋಡಿರಬೇಕು. ಇನ್ನು ಕೆಲವನ್ನು ಮೊದಲು ಎದುರಿನಲ್ಲಿ ಪರೀಕ್ಷಿಸಿದ ರೋಗಿಗೆ, ಅದೇ ಕಾಯಿಲೆಗೆ ಮುಂದುವರಿಸಲು ಮಾತ್ರ ಬರೆಯಬಹುದು. ಅಮಲು ತರಿಸುವ, ಚಟ ಹಿಡಿಸುವ ನಿರ್ಬಂಧಿತ ಮದ್ದುಗಳನ್ನು ಫೋನಿನಲ್ಲಿ ಬರೆಯುವಂತೆಯೇ ಇಲ್ಲ.

ಮೂರನೆಯದಾಗಿ, ಆಸ್ಪತ್ರೆಗೇ ಬರುತ್ತೇನೆಂದು ರೋಗಿ ಹೇಳಿದರೆ, ಫೋನೇ ಸಾಕೆಂದು ವೈದ್ಯರು ಒತ್ತಾಯಿಸುವಂತಿಲ್ಲ. ಜೀವಕ್ಕೆ ಅಪಾಯದ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಲು ಹೇಳಬೇಕು.

ಗಡಿಯ ಈಚೆ ಇರುವವರಿಗೆ

ಇದೇ ಮಾರ್ಗಸೂಚಿಯ ಇನ್ನೊಂದು ಮಾತು ನಮಗೆ ಬಹಳ ಮುಖ್ಯ. ನೋಂದಾಯಿತ ವೈದ್ಯರು ಭಾರತದ ಯಾವ ಮೂಲೆಯ ರೋಗಿಗೂ ಫೋನಿನಲ್ಲಿ ಸಲಹೆ ಕೊಡಬಹುದು. ಮಂಜೇಶ್ವರದ ರೋಗಿ ಮಂಗಳೂರಿನ ತನ್ನ ವೈದ್ಯರೊಡನೆ, ತಾಳವಾಡಿಯವರು ಚಾಮರಾಜನಗರದ ವೈದ್ಯರೊಡನೆ, ಅಕ್ಕಲಕೋಟೆಯವರು ಕಲಬುರಗಿಯ ವೈದ್ಯರೊಡನೆ ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಗಡಿ ಇದಕ್ಕೆ ಅಡ್ಡಿಯಲ್ಲ.

ಆದರೆ ಈ ಅನುಕೂಲಕ್ಕೂ ಮಿತಿಯಿದೆ. ಮಾರ್ಗಸೂಚಿ ಹೊರಬಿದ್ದ ದಿನಗಳಲ್ಲೇ ತಲಪಾಡಿಯಲ್ಲಿ ಏನಾಯಿತೆಂದು ನಾವು ಮರೆತಿಲ್ಲ. ಕೋವಿಡ್ ಕಾರಣದಿಂದ ಕರ್ನಾಟಕ ಗಡಿಯನ್ನು ಮುಚ್ಚಿತು. ಕೆಲವು ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ಹಲವು ರೋಗಿಗಳು ಹಿಂದೆ ತಿರುಗಬೇಕಾಯಿತು. ಸಮಯಕ್ಕೆ ಚಿಕಿತ್ಸೆ ಸಿಗದೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಯಿಸಲು ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ರೋಗಿಗಳನ್ನು ಬಿಡುವ ವಿಚಾರದಲ್ಲಿ ಒಮ್ಮತಕ್ಕೆ ಬಂದಿರುವುದಾಗಿ ಏಪ್ರಿಲ್ 7ರಂದು ನ್ಯಾಯಾಲಯಕ್ಕೆ ತಿಳಿಸಲಾಯಿತು.

ಎದೆನೋವಿನಿಂದ ಬಿದ್ದವನಿಗೂ ಹೆರಿಗೆ ಬೇನೆ ಬಂದವಳಿಗೂ ಡಯಾಲಿಸಿಸ್ ಬೇಕಾದವನಿಗೂ ಫೋನಿನಿಂದ ಏನು ಪ್ರಯೋಜನ? ಅವರಿಗೆ ಬೇಕಾದದ್ದು ಹಾಸಿಗೆ, ದಾದಿ, ಆಮ್ಲಜನಕ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿತ್ತು. ಅಲ್ಲಿ ರೋಗಿಗಳನ್ನು ಸೇರಿಸಿಕೊಂಡದ್ದು 2020ರ ಏಪ್ರಿಲಿನಲ್ಲಿ, ಕೋವಿಡ್ ಆಸ್ಪತ್ರೆಯಾಗಿ. ಫೋನಿನ ಸೇವೆ ಆಸ್ಪತ್ರೆಗೆ ಹೋಗುವ ಒಂದು ಕಾಲುದಾರಿ, ಅದೇ ಆಸ್ಪತ್ರೆಯಲ್ಲ. ಫೋನು ಕೊಟ್ಟೆವೆಂದು ಹೇಳಿ ಆಸ್ಪತ್ರೆ ಕಟ್ಟುವ ಹೊಣೆಯಿಂದ ಯಾವ ಸರಕಾರವೂ ಜಾರಿಕೊಳ್ಳಬಾರದು.

ಸರಕಾರ ಕೊಡುವ ನೆರವು

ಇ-ಸಂಜೀವನಿ ಎಂಬ ಸರಕಾರಿ ಸೇವೆ 2019ರಲ್ಲಿ ಆರಂಭವಾಯಿತು. ಇದಕ್ಕೆ ಶುಲ್ಕವಿಲ್ಲ. ಊರಿನ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯನ್ನು ಕುಳ್ಳಿರಿಸಿ ದೂರದ ವೈದ್ಯರಿಗೆ ಸಂಪರ್ಕ ಕೊಡುವುದು ಒಂದು ಕ್ರಮ. 2020ರ ಏಪ್ರಿಲಿನಿಂದ ಮನೆಯಲ್ಲೇ ಕುಳಿತು ಸ್ವಂತ ಫೋನಿನಿಂದ ವೈದ್ಯರನ್ನು ಕಾಣುವ ಕ್ರಮವೂ ಬಂತು. ದೇಶದಲ್ಲಿ ಈವರೆಗೆ 30 ಕೋಟಿಗೂ ಹೆಚ್ಚು ಸಲಹೆಗಳು ಇದರ ಮೂಲಕ ನಡೆದಿವೆ. ಸ್ಮಾರ್ಟ್‌ಫೋನ್ ಬಳಸಲು ಬಾರದ ಹಿರಿಯರಿಗೆ ಮೊದಲನೆಯ ಕ್ರಮವೇ ಹೆಚ್ಚು ಒಳ್ಳೆಯದು. ರಕ್ತದೊತ್ತಡ ನೋಡಿ, ಮಾತು ಬಿಡಿಸಿ ಹೇಳಲು ಒಬ್ಬರು ಪಕ್ಕದಲ್ಲಿರುತ್ತಾರೆ.

ಮನಸ್ಸಿನ ಬೇನೆಗೆ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಶುಲ್ಕವಿಲ್ಲ. 20 ಭಾಷೆಗಳಲ್ಲಿ ಕನ್ನಡವೂ ಒಂದು. ಬೆಳೆ ಹೋಗಿ, ಸಾಲ ಏರಿ, ರಾತ್ರಿ ನಿದ್ದೆ ಬಾರದೆ ಹೊರಳಾಡುವ ಮನೆಯ ಯಜಮಾನನಿಗೆ ಈ ಸಂಖ್ಯೆ ತಿಳಿದಿರಬೇಕು. ಕುಡಿತ ಬಿಡಲು ಬಯಸುವವರಿಗೂ, ಅವರ ಮನೆಯವರಿಗೂ ತಿಳಿದಿರಬೇಕು.

ಕಾಯಿಲೆಯ ದಾಖಲೆಯೂ ಒಂದು ಆಸ್ತಿ

ನಾವು ಜಾಗದ ಪಟ್ಟೆಯನ್ನೂ ತೀರ್ವೆಯ ರಶೀದಿಯನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತೇವೆ. ಆಸ್ಪತ್ರೆಯ ಚೀಟಿಯನ್ನೋ ಎಲ್ಲೆಂದರಲ್ಲಿ ಇಡುತ್ತೇವೆ. ಎಂಡೋಸಲ್ಫಾನ್ ಸಿಂಪಡಿಸಿದ ಗೇರುತೋಟಗಳ ಸುತ್ತಲಿನ ಜನ, ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ವರ್ಷಗಟ್ಟಲೆ ಹೋರಾಡಬೇಕಾಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು. ಕಾಯಿಲೆ ಯಾವಾಗ ಶುರುವಾಯಿತು, ಯಾವ ಚಿಕಿತ್ಸೆಯಾಯಿತು ಎಂಬ ದಾಖಲೆಗೆ ಎಷ್ಟು ಬೆಲೆಯಿದೆಯೆಂದು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ ‘ಆಭಾ’ ಸಂಖ್ಯೆ ಪಡೆಯಬಹುದು. ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಲು ಇದು ಸಹಾಯ ಮಾಡುತ್ತದೆ. ಎರಡು ರಾಜ್ಯಗಳ ಆಸ್ಪತ್ರೆಗಳಿಗೆ ಅಲೆಯುವ ನಮ್ಮಂಥವರಿಗೆ ಇದು ಉಪಕಾರಿ. ಆದರೆ ಇದನ್ನು ಪಡೆಯುವುದು ಬಿಡುವುದು ನಮ್ಮ ಇಷ್ಟ. ನಮ್ಮ ಒಪ್ಪಿಗೆಯಿಲ್ಲದೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಲೂಬಹುದು.

ಪೆಟ್ಟಿಗೆ ದೊಡ್ಡದಾದಷ್ಟು ಕಳ್ಳರ ಕಣ್ಣು ಹೆಚ್ಚು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ದುಷ್ಕರ್ಮಿಗಳು ನುಗ್ಗಿ ಬೀಗ ಹಾಕಿದರು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದಾದ ಅಲ್ಲಿ ದಿನಗಟ್ಟಲೆ ಕಾಗದದಲ್ಲೇ ಬರೆದು ಕೆಲಸ ನಡೆಸಬೇಕಾಯಿತು. ಆದುದರಿಂದ ದಾಖಲೆ ಸಂಗ್ರಹಿಸುವವರನ್ನು ಕಾಯಿದೆಯಿಂದ ಕಟ್ಟಿಹಾಕುವುದು ಅಗತ್ಯ. 2023ರ ಆಗಸ್ಟಿನಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಬಂತು. ಮಾಹಿತಿ ಕಾಪಾಡದವರಿಗೆ 250 ಕೋಟಿ ರೂಪಾಯಿಯ ವರೆಗೆ ದಂಡ ವಿಧಿಸಬಹುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ.

ತಿಳಿಯದ ಭಾಷೆಯ ಒಪ್ಪಿಗೆ ಒಪ್ಪಿಗೆಯಲ್ಲ

ಈ ಕಾಯಿದೆಯಲ್ಲಿ ಗಡಿನಾಡ ಕನ್ನಡಿಗರಿಗೆ ಬಲ ಕೊಡುವ ಒಂದು ಅಂಶವಿದೆ. ಮಾಹಿತಿಗಾಗಿ ಒಪ್ಪಿಗೆ ಕೇಳುವವರು ಅದನ್ನು ಇಂಗ್ಲಿಷಿನಲ್ಲಿ ಯಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡ ಆ ಪರಿಚ್ಛೇದದಲ್ಲಿದೆ. ನಾವು ಯಾವ ರಾಜ್ಯದಲ್ಲಿ ವಾಸವಾಗಿದ್ದೇವೆ ಎಂಬುದು ಇಲ್ಲಿ ಮುಖ್ಯವಲ್ಲ.

ಇದಲ್ಲದೆ ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಹಾಗಾಗಿ ಆರೋಗ್ಯ ಕೇಂದ್ರದ ಫಲಕ, ಫೋನಿಗೆ ಬರುವ ಸಂದೇಶ, ಸಹಿ ಹಾಕಬೇಕಾದ ಫಾರಂ ಕನ್ನಡದಲ್ಲಿ ಬೇಕೆಂದು ಕೇಳುವುದು ಹಟವಲ್ಲ. ಮದ್ದು ಊಟಕ್ಕೆ ಮೊದಲೋ ಅನಂತರವೋ ಎಂದು ತಿಳಿಯದಿದ್ದರೆ ಕೆಡುವುದು ನಮ್ಮ ಆರೋಗ್ಯ.

ನಾವು ಮಾಡಬೇಕಾದುದು

1. ಫೋನಿನ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಕೇಳಿ ಬರೆದಿಡೋಣ. ಸಂಖ್ಯೆ ಕೊಡದವರ ಮದ್ದು ಬೇಡ.

2. ನಮಗಿರುವ ಹಳೆಯ ಕಾಯಿಲೆ, ಈಗ ತೆಗೆದುಕೊಳ್ಳುತ್ತಿರುವ ಮದ್ದು, ಆಗದ ಮದ್ದು ಇವುಗಳನ್ನು ಮುಚ್ಚಿಡದೆ ಹೇಳೋಣ. ತೋಟಕ್ಕೆ ಮದ್ದು ಬಿಟ್ಟ ಮೇಲೆ ತಲೆಸುತ್ತು, ವಾಂತಿ ಬಂದರೆ ಫೋನಿನಲ್ಲಿ ಹೊತ್ತು ಕಳೆಯದೆ, ಕೀಟನಾಶಕದ ಡಬ್ಬಿ ಯಾ ಲೇಬಲನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಧಾವಿಸೋಣ.

3. ಎದೆನೋವು, ಉಸಿರುಕಟ್ಟುವಿಕೆ, ಒಂದು ಕಡೆ ಬಲಹೀನತೆ, ಹಾವು ಕಡಿತ, ಗರ್ಭಿಣಿಗೆ ರಕ್ತಸ್ರಾವ – ಇವುಗಳಲ್ಲಿ ಮೊದಲು 108ಕ್ಕೆ ಕರೆ ಮಾಡೋಣ.

4. ಫೋನಿಗೆ ಬರುವ ಒಟಿಪಿ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಬಾರದು. ಆರೋಗ್ಯ ಕಾರ್ಡು ಮಾಡಿಕೊಡುತ್ತೇವೆಂದು ಕರೆ ಬಂದರೆ ಆಶಾ ಕಾರ್ಯಕರ್ತೆಯರಲ್ಲಿ ಯಾ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

5. ಕಂಪ್ಯೂಟರಿನಲ್ಲಿ ಎಲ್ಲವೂ ಇದೆಯೆಂದು ಕಾಗದದ ಚೀಟಿ ಎಸೆಯಬಾರದು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕಡತ ಇರಲಿ.

6. ಇ-ಸಂಜೀವನಿ ಸಂಪರ್ಕ ಸಿಗದಿದ್ದರೆ, ಕನ್ನಡದ ಫಾರಂ ಇಲ್ಲದಿದ್ದರೆ ಗೊಣಗಿ ಸುಮ್ಮನಾಗದೆ ಗ್ರಾಮಸಭೆಯಲ್ಲಿ ಲಿಖಿತ ಮನವಿ ಕೊಡೋಣ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲ್ವಿಚಾರಣೆ ಪಂಚಾಯತಿಗೆ ಸೇರಿದ್ದು.

ನಕಲಿ ವೈದ್ಯರನ್ನು ತಡೆಯುವುದು, ನಮ್ಮ ದಾಖಲೆಯನ್ನು ಕಾಯುವುದು, ಕೈಗೆಟಕುವ ದೂರದಲ್ಲಿ ಆಸ್ಪತ್ರೆ ನಡೆಸುವುದು, ನಮಗೆ ತಿಳಿಯುವ ಭಾಷೆಯಲ್ಲಿ ಮಾತಾಡುವುದು – ಈ ನಾಲ್ಕು ಸರಕಾರದ ಕೆಲಸ. ಕೇಳಿ ಪಡೆಯುವುದು ನಮ್ಮ ಕೆಲಸ. ನಮ್ಮ ಮನೆಯ ಹಿರಿಯರಿಗೂ ನೆರೆಹೊರೆಯವರಿಗೂ ಇದನ್ನು ಓದಿ ಹೇಳೋಣ. 14416 ಮತ್ತು 108 ಈ ಎರಡು ಸಂಖ್ಯೆಗಳನ್ನು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಡೋಣ.