ಎಂಜಿನ್ನಿನ ಹೆಡ್ಡಿಗೂ ಪೆಟ್ರೋಲ್ ಮಿಶ್ರಣಕ್ಕೂ ಇರುವ ಸಂಬಂಧ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಹೊಳವಾಗುವುದನ್ನೇ ಕಾಯುತ್ತಿರುತ್ತೇವೆ. ಹೊಳವಾದ ದಿನ ಕೊನೆಗಾರನೂ ಬಂದಿರುತ್ತಾನೆ. ಪಂಪಿನ ಎಂಜಿನ್ ಮಾತ್ರ ಎಳೆಯುವುದಿಲ್ಲ. ಆಗ ನಮ್ಮ ಕೈ ಮೊದಲು ಹೋಗುವುದು ಕಾರ್ಬುರೇಟರಿನ ತಿರುಪಿಗೆ. ಪಕ್ಕದ ತೋಟದವರದು ಒಂದೂವರೆ ಸುತ್ತಿನಲ್ಲಿದೆ, ನಮ್ಮದೂ ಅಷ್ಟೇ ಇರಲಿ ಎನ್ನುವ ಸದಸ್ಯರು ಬಹಳ. ಎರಡು ಎಂಜಿನ್‌ಗಳ ದಹನಕೋಣೆ, ಅಂದರೆ ಹೆಡ್ಡಿನೊಳಗೆ ಉರಿಯುವ ಜಾಗ, ಬೇರೆ ಬೇರೆಯಾಗಿದ್ದರೆ ಈ ಲೆಕ್ಕ ತಪ್ಪುತ್ತದೆ.

ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೆಚ್ಚಿನ ಬಲ ಸಿಗುವುದು ಗಾಳಿ 12.5ರಿಂದ 13 ಪಾಲು ಇರುವಾಗ. ಉಳಿತಾಯಕ್ಕೆಂದು ಪೆಟ್ರೋಲನ್ನು ಇನ್ನೆಷ್ಟು ಇಳಿಸಬಹುದೆಂಬುದು ದಹನಕೋಣೆಯ ಆಕಾರವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಹಳೆಯ ಸೈಡ್ ವಾಲ್ವ್ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವುದರಿಂದ ಕೋಣೆ ಅಗಲ, ಚಪ್ಪಟೆ. ಕಿಡಿಯಿಂದ ಹೊತ್ತಿದ ಉರಿ ಆಚೆ ಮೂಲೆ ಮುಟ್ಟಲು ಹೊತ್ತು ಬೇಕು. ಪೆಟ್ರೋಲ್ ಇಳಿಸಿದರೆ ಅದು ಮತ್ತಷ್ಟು ನಿಧಾನ. ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿ ಮುಗಿಯದೆ ವಾಲ್ವ್ ಸುಡುತ್ತದೆ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೋ 1919ರ ಸುಮಾರಿಗೆ ಇದಕ್ಕೆ ಉಪಾಯ ಕಂಡುಹಿಡಿದರು. ಪಿಸ್ಟನ್ನಿನ ಮೇಲಿನ ಹೆಡ್ಡನ್ನು ತಗ್ಗಿಸಿ, ಪಿಸ್ಟನ್ ಮೇಲೆ ಬಂದಾಗ ಇನ್ನೇನು ತಾಗುವಷ್ಟೇ ಸಂದು ಬಿಟ್ಟರು. ಅಲ್ಲಿ ಇಕ್ಕಟ್ಟಾದ ಮಿಶ್ರಣ ವಾಲ್ವಿನ ಕಡೆಗೆ ಚಿಮ್ಮಿ ಸುಳಿಯೇಳುತ್ತದೆ, ಊದುಗೊಳವೆಯಿಂದ ಊದಿದ ಒಲೆಯಂತೆ ಬೇಗ ಉರಿಯುತ್ತದೆ. ಓವರ್‌ಹೆಡ್ ವಾಲ್ವ್ ಎಂಜಿನ್‌ಗಳಲ್ಲಿ ಕೋಣೆ ಪಿಸ್ಟನ್ನಿನ ನೆತ್ತಿಯ ಮೇಲೆಯೇ ಅಡಕವಾಗಿರುವುದರಿಂದ ಉರಿ ಸಾಗಬೇಕಾದ ದೂರವೇ ಕಡಿಮೆ. ಅವು ಸ್ವಲ್ಪ ತೆಳು ಮಿಶ್ರಣವನ್ನೂ ತಾಳಿಕೊಳ್ಳುತ್ತವೆ.

ಹೆಡ್ ಸೋರುತ್ತದೆಂದು ಎರಡು ಗ್ಯಾಸ್ಕೆಟ್ ಸೇರಿಸಿ ಕೂರಿಸುವ ರೂಢಿ ನಮ್ಮಲ್ಲಿದೆ. ನಾನೂ ಒಮ್ಮೆ ಹಾಗೆ ಮಾಡಿಸಿ ಒಂದು ಹಂಗಾಮು ಪೇಚಾಡಿದೆ. ಸಂದು ದೊಡ್ಡದಾಗಿ ಸುಳಿಯೂ ಹೋಯಿತು, ಕಂಪ್ರೆಷನ್ನೂ ಇಳಿಯಿತು. ತಿರುಪು ಎಷ್ಟು ತಿರುಗಿಸಿದರೂ ಬಲ ಬರಲಿಲ್ಲ. ಕೊನೆಗೆ ಸರಿಯಾದ ದಪ್ಪದ ಒಂದೇ ಗ್ಯಾಸ್ಕೆಟ್ ಹಾಕಿಸಿದ ಮೇಲೆ ಎಂಜಿನ್ ಮೊದಲಿನಂತಾಯಿತು. ಕೋಣೆಯಲ್ಲಿ ಕಟ್ಟಿದ ಮಸಿಯದು ಇದಕ್ಕೆ ವಿರುದ್ಧ: ಜಾಗ ಕಿರಿದಾಗಿ ಎಂಜಿನ್ ಬಡಿಯತೊಡಗುತ್ತದೆ. ಬಡಿತ ಅಡಗಿಸಲು ಪೆಟ್ರೋಲ್ ಹೆಚ್ಚಿಸಿದರೆ ಮಸಿ ಇನ್ನಷ್ಟು. ಆದ್ದರಿಂದ ಹೆಡ್ ಬಿಚ್ಚಿ ಮಸಿ ಕೆರೆಸಿದ ನಂತರವೇ ಮಿಶ್ರಣಕ್ಕೆ ಕೈ ಹಾಕತಕ್ಕದ್ದು.

ಇನ್ನೊಂದು ಮಾತು. ಅನೇಕ ಎಂಜಿನ್‌ಗಳಲ್ಲಿ ಹೊರಗೆ ಕಾಣುವ ತಿರುಪು ನಿಧಾನ ಓಟಕ್ಕೆ ಮಾತ್ರ. ಭಾರದ ಮೇಲೆ ಮಿಶ್ರಣ ನಿರ್ಧರಿಸುವುದು ಮೇನ್ ಜೆಟ್. ಪಂಪನ್ನು ಪೂರ್ಣ ಒತ್ತಡದಲ್ಲಿ ಹತ್ತು ನಿಮಿಷ ಓಡಿಸಿ, ಹಾಗೆಯೇ ನಿಲ್ಲಿಸಿ, ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಆ ದಿನ ಎಂಜಿನ್ ಓಡಿಸಬೇಡಿ. ಮೊದಲು ಜೆಟ್ ಬಿಚ್ಚಿ ಊದಿಸಿ.